ಮಗುವಿಗೆ ಹಿರಿಯರ ಹೆಸರು: ಯಾರ ಹೆಸರು ಉಳಿಯುತ್ತದೆ, ಯಾರದು ಬಿಟ್ಟುಹೋಗುತ್ತದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನಗೆ ಈಗ ಏಳನೆಯ ತಿಂಗಳು. ಮಾವನವರು ಕಳೆದ ವರ್ಷ ತೀರಿಕೊಂಡರು. ಗಂಡು ಮಗುವಾದರೆ ಅವರ ಹೆಸರನ್ನೇ ಇಡಬೇಕೆಂದು ಅತ್ತೆಯವರೂ ನಮ್ಮ ಯಜಮಾನರ ಅಕ್ಕಂದಿರೂ ಆಗಲೇ ನಿಶ್ಚಯಿಸಿಬಿಟ್ಟಿದ್ದಾರೆ. ಮಾವನವರ ಮೇಲೆ ನನಗೂ ಅಪಾರ ಗೌರವವಿದೆ, ಆದ್ದರಿಂದ ವಿರೋಧಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ. ಆದರೆ ಕೆಲವು ಪ್ರಶ್ನೆಗಳಿಗೆ ಮನೆಯಲ್ಲಿ ಯಾರೂ ಸರಿಯಾಗಿ ಉತ್ತರಿಸುತ್ತಿಲ್ಲ. ಸೊಸೆಯಾದವಳು ಮಾವನ ಹೆಸರು ಹಿಡಿದು ಮಗುವನ್ನು ಹೇಗೆ ಗದರಿಸಬೇಕು? ಹೆಣ್ಣು ಮಗುವಾದರೆ, ಅತ್ತೆಯವರು ಬದುಕಿರುವಾಗಲೇ ಅವರ ಹೆಸರನ್ನು ಇಡಬಹುದೇ? ನನ್ನ ತಾಯಿಯ ಕಡೆಯ ಹಿರಿಯರ ಹೆಸರಿಗೆ ಈ ಲೆಕ್ಕದಲ್ಲಿ ಎಲ್ಲಾದರೂ ಜಾಗವಿದೆಯೇ? ನಿಮ್ಮ ನಿಮ್ಮ ಸೀಮೆಯಲ್ಲಿ ನಡೆದುಬಂದ ಪದ್ಧತಿಯನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಬೆಳವಲ:
ತಂಗಿ, ಮೊದಲ ಪ್ರಶ್ನೆಗೆ ನಮ್ಮ ಗದಗ-ಧಾರವಾಡದ ಕಡೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ತೊಟ್ಟಿಲಿಗೆ ಹಾಕುವ ದಿನ ಇಡುವ ಹೆಸರು ಬೇರೆ, ಮನೆಯಲ್ಲಿ ಕರೆಯುವ ಹೆಸರು ಬೇರೆ. ಅಜ್ಜನ ಹೆಸರು ಹೊತ್ತ ಹುಡುಗನನ್ನು ತಾಯಿ ‘ಅಪ್ಪು’, ‘ಅಜ್ಜಪ್ಪ’, ‘ಮರಿ’ ಎಂದೇ ಕರೆಯುತ್ತಾಳೆ; ಅಜ್ಜಿಯಂತೂ ಗಂಡನ ಹೆಸರನ್ನು ಜೀವಮಾನದಲ್ಲಿ ಒಗಟಿನಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಿದವಳಲ್ಲವಾದ್ದರಿಂದ, ಮೊಮ್ಮಗನನ್ನು ಆ ಹೆಸರಿನಿಂದ ಕರೆಯುವ ಮಾತೇ ಬರುವುದಿಲ್ಲ. ಹೀಗಾಗಿ ಶಾಲೆಗೆ ಸೇರುವವರೆಗೂ ತನ್ನ ನಿಜವಾದ ಹೆಸರು ಏನೆಂದು ತಿಳಿಯದ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದರು. ಮೊದಲ ದಿನ ಮಾಸ್ತರರು ಹಾಜರಿ ಕರೆದಾಗ ನಾನೂ ಸುಮ್ಮನೆ ಕುಳಿತಿದ್ದೆ.

ಕ್ರಮವೆಂದರೆ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹೆಣ್ಣುಮಕ್ಕಳಿಗೂ ಇದೇ ರೀತಿ ಎರಡೂ ಕಡೆಯ ಅಜ್ಜಿಯರ ಹೆಸರು. ಬದುಕಿರುವವರ ಹೆಸರನ್ನು ಇಡುವ ವಾಡಿಕೆ ನಮ್ಮ ಬಳಗದಲ್ಲಿ ಇಲ್ಲ. ತೀರಿಕೊಂಡವರು ಹೊಟ್ಟೆಯಲ್ಲಿ ಹುಟ್ಟಿ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿರುವುದರಿಂದ, ಇದ್ದವರ ಹೆಸರಿಟ್ಟರೆ ಅವರನ್ನು ಕಳುಹಿಸಿಕೊಟ್ಟಂತೆ ಎಂದು ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಹುಬ್ಬಳ್ಳಿಯಲ್ಲಿರುವ ನಮ್ಮ ಬೀಗರ ಮನೆಯಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಅಜ್ಜ ಗಟ್ಟಿಮುಟ್ಟಾಗಿ ಕುಳಿತಿರುವಾಗಲೇ, ಅವನ ಆಯುಷ್ಯ ಮಗುವಿಗೂ ಬರಲಿ ಎಂದು ಅವನ ಹೆಸರನ್ನೇ ಇಡುತ್ತಾರೆ. ಒಂದೇ ಜಾತಿ, ಒಂದೇ ಊರಿನಂಥ ಊರು, ಎರಡು ನಿಯಮ. ಆದ್ದರಿಂದ ‘ಶಾಸ್ತ್ರ ಹೀಗೇ ಇದೆ’ ಎಂದು ಯಾರಾದರೂ ಹೇಳಿದರೆ ಅದು ಅವರ ಮನೆಯ ಶಾಸ್ತ್ರ ಎಂದು ತಿಳಿದುಕೊಳ್ಳಿ.

ಶಾಸನಾಸಕ್ತ:
ಈ ಪದ್ಧತಿ ಎಷ್ಟು ಹಳೆಯದೆಂದು ನೋಡಬೇಕಾದರೆ ನಮ್ಮ ರಾಜವಂಶಗಳ ವಂಶಾವಳಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ಬಾದಾಮಿಯಲ್ಲಿ 543ರ ಬಂಡೆಯ ಶಾಸನವನ್ನು ಬರೆಸಿದವನು ಒಂದನೆಯ ಪುಲಕೇಶಿ. ಅವನ ಮಗ ಕೀರ್ತಿವರ್ಮ, ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ. ಹೊಯ್ಸಳರಲ್ಲಿ ಇದು ಇನ್ನೂ ಸ್ಪಷ್ಟ: ಒಂದನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮುಮ್ಮಡಿ ನರಸಿಂಹ. ಮೂವರು ನರಸಿಂಹರೂ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರುತ್ತಾರೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದ ಪೋಲಾಳ್ವ ದಂಡನಾಯಕ ಅಜ್ಜ ಇಮ್ಮಡಿ ನರಸಿಂಹನ ಕಾಲದವನು, 1268ರ ಸೋಮನಾಥಪುರದ ಕೇಶವ ದೇವಾಲಯ ಮೊಮ್ಮಗ ಮುಮ್ಮಡಿ ನರಸಿಂಹನ ಕಾಲದ್ದು. ಪ್ರವಾಸಿಗಳು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿಕೊಂಡು ಬರೆಯುವುದನ್ನು ನಾನು ಹಲವು ಬಾರಿ ಓದಿದ್ದೇನೆ.

ನಿಯಮಕ್ಕೆ ಹೊರತಾದದ್ದೂ ಅಲ್ಲೇ ಇದೆ. ಇಮ್ಮಡಿ ಬಲ್ಲಾಳನ ಅಜ್ಜ ವಿಷ್ಣುವರ್ಧನ. ಮೊಮ್ಮಗನಿಗೆ ಸಿಕ್ಕಿದ್ದು ಅಜ್ಜನ ಹೆಸರಲ್ಲ, ಅಜ್ಜನಿಗಿಂತ ಮೊದಲು ಕೆಲವೇ ವರ್ಷ ಆಳಿ ತೀರಿಹೋದ ಅಜ್ಜನ ಅಣ್ಣ ಒಂದನೆಯ ಬಲ್ಲಾಳನ ಹೆಸರು. ಮನೆಯಲ್ಲಿ ಅಕಾಲದಲ್ಲಿ ಹೋದವರ ಹೆಸರನ್ನು ಮುಂದಿನ ಮಗುವಿಗೆ ಇಡುವ ನಮ್ಮ ವಾಡಿಕೆಯನ್ನು ಇದು ನೆನಪಿಸುತ್ತದೆ, ಕಾರಣ ಅದೇ ಎಂದು ಶಾಸನವೇನೂ ಹೇಳುವುದಿಲ್ಲವಾದರೂ. ಮೈಸೂರಿನ ಅರಸರಲ್ಲಿಯೂ ಚಾಮರಾಜ, ಕೃಷ್ಣರಾಜ ಎಂಬ ಎರಡು ಹೆಸರುಗಳು 19ನೆಯ ಶತಮಾನದುದ್ದಕ್ಕೂ ಸರದಿಯಂತೆ ಬರುತ್ತವೆ, ನಡುವೆ ದತ್ತು ಸ್ವೀಕಾರವಾದಾಗಲೂ ಆ ಸರದಿ ತಪ್ಪುವುದಿಲ್ಲ.

ಕೆರೆಏರಿ:
ಶಾಸನಾಸಕ್ತ ಅವರೇ, ರಾಜರ ಉದಾಹರಣೆಗಳನ್ನು ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕು. ಪಟ್ಟಕ್ಕೆ ಬಂದಾಗ ಧರಿಸಿದ ಹೆಸರು ಬೇರೆ, ತೊಟ್ಟಿಲ ಹೆಸರು ಬೇರೆ. ಇಮ್ಮಡಿ ಪುಲಕೇಶಿಗೆ ಪಟ್ಟಕ್ಕೆ ಮುಂಚೆ ಎರೆಯ ಎಂಬ ಹೆಸರಿತ್ತೆಂದು ವಿದ್ವಾಂಸರೇ ಹೇಳುತ್ತಾರೆ. ಚಿಕ್ಕಪ್ಪ ಮಂಗಳೇಶನೊಡನೆ ಕಾದು ಸಿಂಹಾಸನ ಪಡೆದವನು ಅಜ್ಜನ ಹೆಸರನ್ನು ತಾನೇ ಎತ್ತಿಕೊಂಡಿದ್ದರೆ, ಅದರಲ್ಲಿ ಪ್ರೀತಿಗಿಂತ ಹಕ್ಕುಸಾಧನೆಯ ಮಾತು ಹೆಚ್ಚಾಗಿರುತ್ತದೆ.

ಮನೆಯ ಪದ್ಧತಿಗೆ ಹತ್ತಿರವಾದ ಉದಾಹರಣೆ ಬೇಕಿದ್ದರೆ ಸಿ.ವಿ. ರಾಮನ್ ಅವರ ಕುಟುಂಬವನ್ನು ನೋಡಿ. ತಂದೆ ಚಂದ್ರಶೇಖರ ಅಯ್ಯರ್. ರಾಮನ್ ಅವರ ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಅವರಿಗೆ 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಹಿರಿಯ ಮಗನಿಗೆ ಆ ಅಜ್ಜನ ಹೆಸರನ್ನೇ ಇಟ್ಟರು. 1983ರಲ್ಲಿ ನೊಬೆಲ್ ಪಡೆದ ಎಸ್. ಚಂದ್ರಶೇಖರ್ ಅವರೇ ಈ ಮೊಮ್ಮಗ. ಹೊರದೇಶದಲ್ಲಿ ಅವರ ಹೆಸರು ಸಹೋದ್ಯೋಗಿಗಳ ಬಾಯಲ್ಲಿ ‘ಚಂದ್ರ’ ಎಂದು ಮೊಟಕಾಯಿತು, 1999ರಲ್ಲಿ ಹಾರಿಬಿಟ್ಟ ಕ್ಷ-ಕಿರಣ ದೂರದರ್ಶಕಕ್ಕೂ ಅದೇ ಹೆಸರು ಬಂತು. ಈಗ ಭೂಮಿಯನ್ನು ಸುತ್ತುತ್ತಿರುವುದು ಒಬ್ಬ ಅಜ್ಜನ ಹೆಸರಿನ ಅರ್ಧ ಭಾಗ.

ಕಂದಾಯದ ಹಳಬ:
ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಭಾವನೆಯ ಮಾತನ್ನು ಉಳಿದವರು ಆಡಲಿ, ನಾನು ಕಾಗದದ ಮಾತನ್ನಷ್ಟೇ ಹೇಳುತ್ತೇನೆ.

ಹಿರಿಯ ಮಗನಿಗೆ ಅಜ್ಜನ ಹೆಸರು ಎಂಬ ನಿಯಮವನ್ನು ಒಂದು ಮನೆತನ ತಪ್ಪದೆ ಪಾಲಿಸಿತು ಎಂದಿಟ್ಟುಕೊಳ್ಳಿ. ಅಜ್ಜ ಬಸಪ್ಪ ಬಿನ್ ಶಿವಪ್ಪ. ಅವನ ಮಗ ಶಿವಪ್ಪ ಬಿನ್ ಬಸಪ್ಪ. ಮೊಮ್ಮಗ ಮತ್ತೆ ಬಸಪ್ಪ ಬಿನ್ ಶಿವಪ್ಪ. ಅಂದರೆ ಅಜ್ಜ ಮತ್ತು ಮೊಮ್ಮಗ ಕೇವಲ ಹೆಸರಿನಲ್ಲಿ ಮಾತ್ರವಲ್ಲ, ತಂದೆಯ ಹೆಸರಿನ ಸಮೇತ, ಊರಿನ ಸಮೇತ, ಸರ್ವೆ ನಂಬರಿನ ಸಮೇತ ಕಾಗದದಲ್ಲಿ ಒಬ್ಬನೇ ವ್ಯಕ್ತಿ. ಅಡ್ಡಹೆಸರು ಹಚ್ಚುವ ಉತ್ತರದ ಜಿಲ್ಲೆಗಳಲ್ಲಿಯೂ ಇದರಿಂದ ಬಿಡುಗಡೆಯಿಲ್ಲ, ಏಕೆಂದರೆ ಅಡ್ಡಹೆಸರೂ ಒಂದೇ.

ಇದರಿಂದ ಆಗುವುದೇನೆಂದರೆ, ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಪಹಣಿಯಲ್ಲಿ ‘ಬಸಪ್ಪ ಬಿನ್ ಶಿವಪ್ಪ’ ಎಂದು ಇದ್ದೇ ಇದೆ, ಮೊಮ್ಮಗನೂ ಅದೇ ಹೆಸರಿನವನು, ಬೆಳೆ ಪರಿಹಾರಕ್ಕೋ ಸೊಸೈಟಿಯ ಸಾಲಕ್ಕೋ ಅಡ್ಡಿ ಬರುವುದಿಲ್ಲ. ಹೀಗೆ ಒಂದು ತಲೆಮಾರು ಕಳೆಯುತ್ತದೆ. ಆಮೇಲೆ ಭೂಸ್ವಾಧೀನದ ನೋಟಿಸ್ ಬಂದ ದಿನ, ಅಥವಾ ಜಮೀನು ಮಾರಲು ಹೊರಟ ದಿನ, ವಂಶವೃಕ್ಷ ಬರೆಸಿ ಎಂದಾಗ ನಿಜ ಹೊರಬೀಳುತ್ತದೆ: ಖಾತೆದಾರ ಸತ್ತು ಮೂವತ್ತು-ನಲವತ್ತು ವರ್ಷವಾಗಿದೆ, ಅವನಿಗೆ ಬೇರೆ ಗಂಡುಮಕ್ಕಳಿದ್ದರು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಇರುವುದರಿಂದ, ಮೊಮ್ಮಗನ ಹೆಸರು ಅಜ್ಜನ ಹೆಸರಿಗೆ ಸರಿಯಾಗಿ ಕುಳಿತದ್ದರ ಅಡಿಯಲ್ಲಿ ಅತ್ತೆಯಂದಿರ ಪಾಲು ಮುಚ್ಚಿಹೋಗಿರುತ್ತದೆ. ಬೇಕೆಂದೇ ಮೋಸ ಮಾಡಿದವರು ಕಡಿಮೆ. ಹೆಸರು ಒಂದೇ ಆದದ್ದರಿಂದ ಯಾರಿಗೂ ಅವಸರ ಹುಟ್ಟಲಿಲ್ಲ, ಅಷ್ಟೆ.

ಅಜ್ಜನ ಹೆಸರಿಡಬೇಡಿ ಎಂದು ನಾನು ಹೇಳುವುದಿಲ್ಲ. ಇಟ್ಟ ಮೇಲೆ ಅಜ್ಜನ ಮರಣ ಪ್ರಮಾಣಪತ್ರವನ್ನು ಜೋಪಾನ ಮಾಡಿ, ಪೌತಿ ಖಾತೆಯನ್ನು ಆ ವರ್ಷವೇ ಮಾಡಿಸಿ.

ಮೇಲಿನಮನೆ:
ಶಿರಸಿ-ಸಿದ್ದಾಪುರದ ಕಡೆ ಇದು ನಿತ್ಯದ ಸಂಗತಿ. ಗಣಪತಿ, ಸುಬ್ರಾಯ, ಮಹಾಬಲೇಶ್ವರ, ಪರಮೇಶ್ವರ, ವೆಂಕಟರಮಣ ಎಂಬ ಬೆರಳೆಣಿಕೆಯ ಹೆಸರುಗಳೇ ಸುತ್ತಿ ಸುತ್ತಿ ಬರುವುದರಿಂದ ಒಂದೇ ಊರಿನಲ್ಲಿ ನಾಲ್ವರು ಗಣಪತಿ ಹೆಗಡೆಯವರು ಇರುವುದು ಸಹಜ. ಊರವರು ಅವರನ್ನು ಮನೆಯ ಹೆಸರಿನಿಂದ ಗುರುತಿಸಿಕೊಳ್ಳುತ್ತಾರೆ. ಅಂಚೆಯವನಿಗೆ ಮಾತ್ರ ಕಷ್ಟ.

ಕೊಡಿಯಾಲ:
ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿಯೂ ಕ್ರಮ ಹೆಚ್ಚು ಕಡಿಮೆ ಇದೇ: ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯದಕ್ಕೆ ತಾಯಿಯ ತಂದೆಯ ಹೆಸರು, ಹೆಣ್ಣುಮಕ್ಕಳಿಗೆ ಅಜ್ಜಿಯರದು. ಹೆಸರು ಸಂತರದ್ದಾಗಿರುವುದರಿಂದ ಅಜ್ಜನ ನೆನಪು ಮತ್ತು ಸಂತನ ಹಬ್ಬ ಎರಡೂ ಒಂದೇ ದಿನಕ್ಕೆ ಸೇರಿಕೊಳ್ಳುತ್ತವೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಪೂರ್ತಿ ಹೆಸರಿದ್ದರೂ ಮನೆಯಲ್ಲಿ ಪೀಟರ್ ಎಂಬವನು ಪೆದ್ರು, ಸೆಬಾಸ್ಟಿಯನ್ ಎಂಬವನು ಬಸ್ತ್ಯಾಂವ್. ಇಗರ್ಜಿಯ ಆ ಪುಸ್ತಕದಲ್ಲಿ ಮಗುವಿನ ತಂದೆತಾಯಿಗಳ ಜೊತೆಗೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ದೇವತಾಯಿ-ದೇವತಂದೆಯರ ಹೆಸರನ್ನೂ ಬರೆಯುತ್ತಾರೆ. ಆದ್ದರಿಂದ ಕಂದಾಯದ ಹಳಬ ಮತ್ತು ಮೇಲಿನಮನೆ ಅವರು ಹೇಳಿದ ಗೊಂದಲ ನಮ್ಮಲ್ಲಿ ಸ್ವಲ್ಪ ಕಡಿಮೆ. ಒಂದೇ ಹೆಸರಿನ ಇಬ್ಬರನ್ನು ದೇವತಾಯಿಯ ಹೆಸರಿನಿಂದ ಬೇರೆ ಮಾಡಬಹುದು. ನಮ್ಮ ಕುಟುಂಬದಲ್ಲಿ ಮುತ್ತಜ್ಜಿಯ ಅಕ್ಕನೊಬ್ಬಳು ಇದ್ದಳೆಂದು ತಿಳಿದದ್ದೇ ಅವಳು ಯಾರಿಗೋ ದೇವತಾಯಿಯಾಗಿ ಆ ಪುಸ್ತಕದಲ್ಲಿ ಉಳಿದುಕೊಂಡಿದ್ದರಿಂದ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ಇಷ್ಟು ಓದಿದ ಮೇಲೆ ನನಗೆ ಒಂದು ಅನಿಸಿಕೆ ಬಲವಾಗುತ್ತಿದೆ. ಪುಲಕೇಶಿ, ನರಸಿಂಹ, ಚಂದ್ರಶೇಖರ, ಬಸಪ್ಪ, ಗಣಪತಿ: ಇಲ್ಲಿಯವರೆಗೆ ಉದಾಹರಣೆಯಾಗಿ ಬಂದವರಲ್ಲಿ ಹೆಸರಿರುವ ಹೆಂಗಸು ಒಬ್ಬರೂ ಇಲ್ಲ. ಹೆಣ್ಣುಮಕ್ಕಳಿಗೂ ಅಜ್ಜಿಯರ ಹೆಸರು ಎಂದು ಒಂದು ಸಾಲಿನಲ್ಲಿ ಎಲ್ಲರೂ ಹೇಳಿ ಮುಂದೆ ಹೋಗಿದ್ದಾರೆ. ನಮ್ಮ ಮನೆಯಲ್ಲಿಯೇ ವಿಚಾರಿಸಿದೆ: ಯಜಮಾನರಿಗೆ ತಂದೆಯ ಕಡೆ ಐದು ತಲೆಮಾರಿನ ಗಂಡಸರ ಹೆಸರು ಬಾಯಿಪಾಠ, ಅಜ್ಜಿಯ ತಾಯಿಯ ಹೆಸರು ಅತ್ತೆಯವರಿಗೂ ತಿಳಿಯದು. ಗೊತ್ತೇ ಇಲ್ಲದ ಹೆಸರನ್ನು ಇಡುವುದಾದರೂ ಹೇಗೆ?

ಹಳೆಯ ಪಂಚಾಂಗ:
ಅಮ್ಮಾ, ತಾವು ಕೇಳಿದ್ದು ಸರಿಯಾದ ಪ್ರಶ್ನೆ. ಪತಂಜಲಿಯ ಸಂಸ್ಕೃತ ವ್ಯಾಕರಣಗ್ರಂಥವಾದ ಮಹಾಭಾಷ್ಯದ ಮೊದಲ ಆಹ್ನಿಕದಲ್ಲೇ (ಅಧ್ಯಾಯದಲ್ಲೇ) ಹೆಸರಿಡುವ ವಿಚಾರ ಬರುತ್ತದೆ. ಹತ್ತನೆಯ ದಿನ ಕಳೆದ ಮೇಲೆ ಹೆಸರಿಡಬೇಕು, ಅದು ಎರಡೋ ನಾಲ್ಕೋ ಅಕ್ಷರದ್ದಾಗಿರಬೇಕು, ಮೂರು ತಲೆಮಾರಿನ ಪುರುಷರನ್ನು ಅನುಸರಿಸುವಂತಿರಬೇಕು, ಶತ್ರುಗಳಲ್ಲಿ ರೂಢಿಯಾದದ್ದಾಗಿರಬಾರದು ಎಂದು ಅಲ್ಲಿದೆ. ಆ ಮಾತು ಗಂಡುಮಗುವನ್ನು ಕುರಿತದ್ದು. ಮನೆಯ ಸಂಸ್ಕಾರಗಳನ್ನು ವಿಧಿಸುವ ಗೃಹ್ಯಸೂತ್ರಗಳು ಹೆಣ್ಣುಮಗುವಿನ ಹೆಸರಿಗೆ ಬೆಸ ಸಂಖ್ಯೆಯ ಅಕ್ಷರಗಳಿರಲಿ ಎನ್ನುತ್ತವೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ರೂಢಿಯಿಂದ ಬಂದದ್ದು, ಮತ್ತು ನನ್ನ ದೃಷ್ಟಿಯಲ್ಲಿ ರೂಢಿಯೇ ಇಲ್ಲಿ ಗ್ರಂಥಕ್ಕಿಂತ ಉದಾರವಾಗಿದೆ.

ಗಂಡಸರ ಹೆಸರುಗಳು ಏಕೆ ನೆನಪಿನಲ್ಲಿ ಉಳಿಯುತ್ತವೆ ಎಂಬುದಕ್ಕೆ ಒಂದು ಕಾರಣ ಶ್ರಾದ್ಧ. ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರನ್ನು ಪ್ರತಿ ವರ್ಷ ಹೆಸರು ಹಿಡಿದು ಕರೆಯಲೇಬೇಕು. ಆದರೆ ಮಹಾಲಯ ಪಕ್ಷದಲ್ಲಿ ಕರೆಯುವ ಪಟ್ಟಿ ಇದಕ್ಕಿಂತ ಬಹಳ ದೊಡ್ಡದು. ತಾಯಿ, ಅಜ್ಜಿ, ಮುತ್ತಜ್ಜಿ, ತಾಯಿಯ ತಂದೆ ಮತ್ತು ಅವರ ಹಿಂದಿನವರು, ತಾಯಿಯ ತಾಯಿ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ-ಮಾವ, ಗುರು, ಸ್ನೇಹಿತ, ಎಲ್ಲರಿಗೂ ಅದರಲ್ಲಿ ಪಾಲಿದೆ. ಈ ಪಟ್ಟಿಯನ್ನು ಹಳೆಯ ನೋಟುಪುಸ್ತಕದಲ್ಲೋ ಪಂಚಾಂಗದ ಕೊನೆಯ ಹಾಳೆಯಲ್ಲೋ ಬರೆದಿಟ್ಟುಕೊಂಡ ಮನೆಗಳಿವೆ. ತಮ್ಮ ಮನೆಯಲ್ಲಿ ಪಕ್ಷ ಮಾಡುವ ಪದ್ಧತಿ ಇದ್ದರೆ ಮೊದಲು ಆ ಪಟ್ಟಿಯನ್ನು ಹುಡುಕಿಸಿ. ಮನೆಯಲ್ಲಿ ಸಿಗದಿದ್ದರೆ ಪುರೋಹಿತರ ಬಳಿ ಇರಬಹುದು. ಅತ್ತೆಯವರಿಗೆ ನೆನಪಿಲ್ಲದ ಹೆಸರು ಅಲ್ಲಿ ಇದ್ದೀತು.

ಒಂದು ತೊಡಕನ್ನು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ. ಆ ಪಟ್ಟಿಯಲ್ಲಿ ಹೆಂಗಸರಿಗೆ ಇರುವುದು ಗಂಡನ ಮನೆಯ ಹೆಸರು.

ಬೆಳವಲ:
ಪಂಚಾಂಗದವರು ಮುಟ್ಟಿದ್ದು ನಮ್ಮ ಮನೆಯ ಗಾಯವನ್ನೇ. ನಮ್ಮ ಕಡೆಯ ಹಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ವರನು ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುತ್ತಿದ್ದ. ನನ್ನ ಅವ್ವನ ತವರಿನ ಹೆಸರು ಒಂದು, ನಮ್ಮ ಮನೆಗೆ ಬಂದ ಮೇಲೆ ಇನ್ನೊಂದು. ನನ್ನ ಮಗಳು ಹುಟ್ಟಿದಾಗ ಅವ್ವ ತೀರಿಕೊಂಡು ವರ್ಷ ಕಳೆದಿತ್ತು. ‘ಅಜ್ಜಿಯ ಹೆಸರು’ ಎಂದರೆ ಯಾವುದು ಎಂಬ ಪ್ರಶ್ನೆ ಬಂದಾಗ ಅಪ್ಪ ಮನೆಯ ಹೆಸರೆಂದರು, ಸೋದರಮಾವ ತವರಿನ ಹೆಸರೆಂದರು. ಅವ್ವ ತನ್ನ ಅಕ್ಕತಂಗಿಯರ ಬಾಯಲ್ಲಿ ಕೊನೆಯವರೆಗೂ ತವರಿನ ಹೆಸರಿನವಳಾಗಿಯೇ ಇದ್ದಳು. ನಾವು ಅದನ್ನೇ ಇಟ್ಟೆವು. ಅಪ್ಪ ಮೂರು ದಿನ ಮಾತು ಬಿಟ್ಟಿದ್ದರು, ಆಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳದೆ ಇರಲಾಗಲಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಸುಗ್ಗಿಯ ಹೊತ್ತಿಗೆ ಹೆಳವರು ಬರುತ್ತಾರೆ. ಮನೆಯ ಮುಂದೆ ನಿಂತು ವಂಶದ ಮೂಲಪುರುಷನಿಂದ ಹಿಡಿದು ಈಗಿನವರೆಗೆ ಹೆಸರುಗಳನ್ನು ಸರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು-ಕಡಿ, ಬಟ್ಟೆ, ಕೆಲವೊಮ್ಮೆ ಕರುವನ್ನೂ ಪಡೆದು ಹೋಗುತ್ತಾರೆ. ಒಂದೇ ಹೆಸರು ಎಷ್ಟು ಸಲ ಮರಳಿ ಬಂದಿದೆ ಎಂದು ಅವರು ಓದುವಾಗಲೇ ಕೇಳಬೇಕು. ನಮ್ಮ ಮನೆಯ ಪುಸ್ತಕದಲ್ಲಿ ನನ್ನ ಅಜ್ಜನ ನಾಲ್ವರು ಅಣ್ಣತಮ್ಮಂದಿರೂ ಇದ್ದಾರೆ, ಒಬ್ಬಳೇ ತಂಗಿ ಇಲ್ಲ. ಮಗಳನ್ನೂ ಬರೆಯಿರಿ ಎಂದು ನಾನು ಕೇಳಿದಾಗ ಅವರು ಸಂಕೋಚಪಟ್ಟರೂ ಬರೆದುಕೊಂಡರು. ಕೇಳುವವರು ಕೇಳಿದರೆ ಬರೆಯುತ್ತಾರೆ. ಇಷ್ಟು ಕಾಲ ಕೇಳಿದವರೇ ಇರಲಿಲ್ಲವೆಂದು ತೋರುತ್ತದೆ.

ಹೊಸಬಡಾವಣೆ:
ಎಲ್ಲರ ಭಾವನೆಗೂ ಗೌರವವಿಟ್ಟು ಹೇಳುತ್ತೇನೆ. ಮಗುವಿಗೆ ಅದರದೇ ಆದ ಹೆಸರು ಬೇಡವೇ? ಮಗುವಿನ ಮುಖ ನೋಡಿದವರೆಲ್ಲ ‘ಅಜ್ಜನ ಮೂಗು, ಅಜ್ಜನ ಹಟ’ ಎಂದು ಹೇಳುತ್ತಾ ಹೋದರೆ, ಆ ಮಗು ಯಾವಾಗ ತಾನಾಗುವುದು? ನನಗೆ ಇಟ್ಟದ್ದು ಚಿಕ್ಕ ವಯಸ್ಸಿನಲ್ಲೇ ತೀರಿಹೋದ ಚಿಕ್ಕಪ್ಪನ ಹೆಸರು. ಅಜ್ಜಿ ನನ್ನನ್ನು ನೋಡಿದಾಗಲೆಲ್ಲ ಅಳುತ್ತಿದ್ದರು. ಅದನ್ನು ಹೊತ್ತುಕೊಂಡು ಬೆಳೆಯುವುದು ಸುಲಭವಾಗಿರಲಿಲ್ಲ. ನನ್ನ ಮಕ್ಕಳಿಗೆ ನಾವು ಯಾರ ಹೆಸರನ್ನೂ ಇಡಲಿಲ್ಲ.

ಕೆರೆಏರಿ:
ಹೊಸಬಡಾವಣೆಯವರ ಮಾತು ತೂಕದ್ದು. ತುಂಬು ಬಾಳು ಬಾಳಿ ಹೋದವರ ಹೆಸರಿಗೂ ಅಕಾಲದಲ್ಲಿ ಹೋದವರ ಹೆಸರಿಗೂ ವ್ಯತ್ಯಾಸವಿದೆ. ಮೊದಲನೆಯದನ್ನು ಮಗು ಹೆಮ್ಮೆಯಿಂದ ಹೊರಬಲ್ಲದು. ಎರಡನೆಯದರಲ್ಲಿ ಮನೆಯವರ ದುಃಖಕ್ಕೆ ಮಗುವನ್ನು ಔಷಧಿಯಾಗಿ ಬಳಸುವ ಅಪಾಯ ಇದ್ದೇ ಇದೆ. ಅಂಥ ಸಂದರ್ಭದಲ್ಲಿ ಪೂರ್ತಿ ಹೆಸರನ್ನು ಇಡದೆ ಮನೆದೇವರ ಹೆಸರಿಗೆ ಅದರ ಒಂದು ಭಾಗವನ್ನು ಸೇರಿಸಿ ಇಡುವ ಹಿರಿಯರನ್ನು ನಾನು ಕಂಡಿದ್ದೇನೆ.

ದೂರದೂರು:
ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ಇಲ್ಲಿ ಸಾಮಾನ್ಯವಾಗಿ ಆಸ್ಪತ್ರೆಯಿಂದ ಹೊರಡುವ ಮೊದಲೇ ಹೆಸರನ್ನು ಬರೆದುಕೊಡಬೇಕಾಗುತ್ತದೆ, ಆದ್ದರಿಂದ ಹನ್ನೊಂದನೆಯ ದಿನದ ನಾಮಕರಣದ ಹೊತ್ತಿಗೆ ಹೆಸರು ಆಗಲೇ ಸರ್ಕಾರಿ ಕಾಗದದಲ್ಲಿ ಕುಳಿತಿರುತ್ತದೆ. ಊರಿನಲ್ಲಿ ಬಳಗವೆಲ್ಲ ಸೇರಿ ನಡೆಸುವ ಚರ್ಚೆಯನ್ನು ನಾವು ವಿಡಿಯೋ ಕರೆಯಲ್ಲಿ, ಮಗು ಹುಟ್ಟುವ ಮೊದಲೇ ಮುಗಿಸಬೇಕಾಯಿತು. ಇಲ್ಲಿ ಮೊದಲ ಹೆಸರು ಮತ್ತು ಕುಲನಾಮದ ನಡುವೆ ಇನ್ನೊಂದು ಹೆಸರನ್ನು ಇಡುವ ರೂಢಿ ಇರುವುದರಿಂದ ಅನೇಕ ಕನ್ನಡಿಗರು ಅಜ್ಜ-ಅಜ್ಜಿಯರನ್ನು ಅಲ್ಲಿ ಕೂರಿಸುತ್ತಾರೆ. ಅದು ಅನುಕೂಲದ ದಾರಿಯೇ ಹೌದು, ಆದರೆ ನಡುವಿನ ಹೆಸರನ್ನು ಯಾರೂ ಕರೆಯುವುದಿಲ್ಲ. ಕ್ರಮೇಣ ಅದು ಒಂದೇ ಅಕ್ಷರವಾಗಿ ಉಳಿಯುತ್ತದೆ. ನಾವು ಮಗಳಿಗೆ ನನ್ನ ಹೆಂಡತಿಯ ಅಜ್ಜಿಯ ಹೆಸರನ್ನೇ ಮೊದಲ ಹೆಸರಾಗಿ ಇಟ್ಟೆವು. ಶಾಲೆಯಲ್ಲಿ ಶಿಕ್ಷಕಿಗೆ ಉಚ್ಚರಿಸಲು ಒಂದು ವಾರ ಹಿಡಿಯಿತು, ಆಮೇಲೆ ಅಭ್ಯಾಸವಾಯಿತು.

ತುಂಗಾತೀರ:
ಪಂಚಾಂಗದವರು ಹೇಳಿದ ಪಟ್ಟಿ ಮನೆಯಲ್ಲಿ ಸಿಕ್ಕಿತು. ಮಾವನವರ ಕೈಬರಹದಲ್ಲೇ ಇದೆ. ಅವರ ತಾಯಿಯ ತಾಯಿಯ ಹೆಸರೂ ಅದರಲ್ಲಿದೆ. ನನ್ನ ತಾಯಿಯ ಕಡೆಯ ಪಟ್ಟಿಯನ್ನು ನನ್ನ ಸೋದರಮಾವಂದಿರಿಂದ ತರಿಸುತ್ತಿದ್ದೇನೆ. ಅತ್ತೆಯವರು ಮಾತ್ರ ತಾವು ಇರುವಾಗ ತಮ್ಮ ಹೆಸರು ಬೇಡವೇ ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದಾರೆ, ಅದಕ್ಕೆ ನಾನು ಎದುರು ಹೇಳುವುದಿಲ್ಲ. ಗಂಡಾದರೆ ಮಾವನವರ ಹೆಸರೇ. ಕರೆಯುವ ಹೆಸರನ್ನು ನಾನು ಆರಿಸಬೇಕೆಂದು ಒಪ್ಪಂದವಾಗಿದೆ. ಹೆಣ್ಣಾದರೆ ಈ ಎರಡು ಪಟ್ಟಿಗಳಲ್ಲಿ ಒಂದು ಹೆಸರು. ಯಾವುದೆಂದು ಮಗು ಹುಟ್ಟಿದ ಮೇಲೂ ಬೇಗ ತೀರ್ಮಾನವಾಗುವ ಲಕ್ಷಣವಿಲ್ಲ. ಜನನ ನೋಂದಣಿಗೆ ಇದರಿಂದ ತೊಂದರೆಯಾಗುತ್ತದೆಯೇ? ಕಂದಾಯದ ಹಳಬ ಅವರು ದಯವಿಟ್ಟು ತಿಳಿಸಬೇಕು.

ಕಂದಾಯದ ಹಳಬ:
ತೊಂದರೆಯಿಲ್ಲ, ತಾಯಿ. ಜನನವನ್ನು 21 ದಿನಗಳೊಳಗೆ ನೋಂದಾಯಿಸಿದರಾಯಿತು, ಹೆಸರಿನ ಜಾಗವನ್ನು ಖಾಲಿ ಬಿಡಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದಾದ ಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಒಮ್ಮೆ ಬರೆಸಿದ ಹೆಸರನ್ನು ಬದಲಾಯಿಸಲು ಹೊರಟರೆ ಅಲೆದಾಟ ತಪ್ಪಿದ್ದಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಆಸ್ಪತ್ರೆಯಲ್ಲಿ ಅವಸರದಿಂದ ಕರೆಯುವ ಹೆಸರನ್ನು ಬರೆಸಿಬಿಡಬೇಡಿ. ಅದರಲ್ಲಿ ತಾಯಿಯ ಹೆಸರಿನ ಅಂಕಣವೂ ಇರುತ್ತದೆ. ಅಲ್ಲಿ ನಿಮ್ಮ ಆಧಾರ್‌ನಲ್ಲಿ ಇರುವಂತೆಯೇ, ಒಂದಕ್ಷರವೂ ವ್ಯತ್ಯಾಸವಾಗದ ಹಾಗೆ ಬರೆಸಿ. ಮದುವೆಯ ನಂತರ ನಿಮ್ಮ ಹೆಸರೇನಾದರೂ ಬದಲಾಗಿದ್ದರೆ ಅದನ್ನು ಹೆರಿಗೆಗೆ ಮುಂಚೆಯೇ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಮಾಡಿಸಿಕೊಳ್ಳಿ.